ನಲವತ್ತಾರು ಮೆಟ್ಟಿಲಿನ ಆಯಮ್ಮ

ಶಾಲೆಯ ಕಚೇರಿಯಲ್ಲಿ ಕೆಲಸ ಸಿಕ್ಕಿ ಮೂರನೇ ದಿನಕ್ಕೇ ನಾನು ಒಬ್ಬ ತಾಯಿಗೆ ಮಕ್ಕಳನ್ನು ಬೆಳೆಸುವುದು ಹೇಗೆ ಎಂದು ಉಪದೇಶ ಮಾಡಿದೆ. ಆಗ ನನಗೆ ಇಪ್ಪತ್ತಮೂರು ವರ್ಷ. ಮಕ್ಕಳ ಮಾತು ಹಾಗಿರಲಿ, ಕುಂಡದಲ್ಲಿ ಒಂದು ಗಿಡವನ್ನೂ ನೆಟ್ಟಗೆ ಬೆಳೆಸಿದವನಲ್ಲ. ಆದರೂ ಕುತ್ತಿಗೆಗೆ ಹೊಸ ಗುರುತಿನ ಚೀಟಿ ನೇತುಹಾಕಿಕೊಂಡಿದ್ದೆ. ಅದು ಎದೆಯ ಮೇಲೆ ಕುಣಿಯುತ್ತಿದ್ದರೆ ಎಂಥವನಿಗೂ ನಾಲಿಗೆ ಸ್ವಲ್ಪ ಉದ್ದವಾಗುತ್ತದೆ.

ಬೆಳಗಿನ ಗಂಟೆ ಹೊಡೆದಿತ್ತು. ನಾನು ಕಾಗದದ ಕಟ್ಟು ಹಿಡಿದು ಮೇಲಿನಿಂದ ಇಳಿಯುತ್ತಿದ್ದೆ. ಕೆಳಗಿನಿಂದ ಐವತ್ತರ ಹತ್ತಿರದ ಹೆಂಗಸೊಬ್ಬರು ಹತ್ತಿ ಬರುತ್ತಿದ್ದರು. ಬೆನ್ನ ಮೇಲೆ ಒಂಬತ್ತು ವರ್ಷದ ಹುಡುಗಿ, ಎದೆಯ ಮೇಲೆ ಅವಳ ಪುಸ್ತಕದ ಚೀಲ. ನೋಡಿ ನನಗೆ ತಡೆಯಲಾಗಲಿಲ್ಲ.

"ಇಷ್ಟು ದೊಡ್ಡ ಮಗಳನ್ನ ಹೊತ್ಕೊಂಡು ಬರ್ತೀರಲ್ಲಮ್ಮ, ಹೀಗೆ ಮುದ್ದು ಮಾಡಿದ್ರೆ ಮಕ್ಕಳು ಸ್ವಂತ ಕಾಲ ಮೇಲೆ ನಿಲ್ಲೋದು ಯಾವಾಗ? ಇಳಿಸಿ, ನಡೀಲಿ."

ಹೆಂಗಸು ನಿಂತರು. ಏದುಸಿರು ಬಿಡುತ್ತಿದ್ದರು. ಅವರ ಹೆಗಲ ಮೇಲಿನಿಂದ ಹುಡುಗಿ ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ಅಳೆದಳು.

"ಇಳಿಸು ಆಯಮ್ಮ, ಸಾರ್ ಹೇಳ್ತಿದಾರೆ. ಯಾರಿಗ್ಗೊತ್ತು, ನಡೆದ್ರೂ ನಡೆದೆ."

"ಪಕ್ಕಕ್ಕೆ ಸರೀರಿ ಸಾರ್," ಎಂದರು ಆ ಹೆಂಗಸು. "ಈಗ ನಂಗೆ ಬುದ್ಧಿಗಿಂತ ಜಾಗ ಬೇಕು."

ಹುಡುಗಿಯ ಕಾಲುಗಳಿಗೆ ಹುಟ್ಟಿನಿಂದಲೂ ಬಲವಿಲ್ಲ ಎಂಬುದೂ, ಹೊತ್ತವರು ಅವಳ ತಾಯಿಯಲ್ಲ, ಶಾಲೆಯ ಆಯಮ್ಮ ಎಂಬುದೂ ಮಧ್ಯಾಹ್ನದ ಹೊತ್ತಿಗೆ ನನಗೆ ತಿಳಿಯಿತು. ಅಷ್ಟರಲ್ಲಿ ನನ್ನ ಉಪದೇಶದ ಸುದ್ದಿ ನಲವತ್ತಾರು ಮೆಟ್ಟಿಲನ್ನೂ ಹತ್ತಿ ಇಳಿದಾಗಿತ್ತು. ಒಂದು ವಾರ ಮಕ್ಕಳು ನನ್ನನ್ನು ಕಂಡರೆ, "ಸಾರ್, ನಾವು ನಡೀತಿದೀವಿ ಸಾರ್," ಎಂದು ಹೇಳಿ ಓಡುತ್ತಿದ್ದರು.

ಕ್ಷಮೆ ಕೇಳಲು ಹೋದೆ. ಆಯಮ್ಮ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕುಳಿತು ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಪೊರಕೆ, ಬಕೆಟ್, ಒಡೆದ ಬೆಂಚು, ಮುರಿದ ಗ್ಲೋಬು, ಇವುಗಳ ನಡುವೆ ಅವರದೊಂದು ಸ್ಟೂಲು. ತಲೆ ಎತ್ತಿದರೆ ಮೆಟ್ಟಿಲಿನ ಹೊಟ್ಟೆ ತಾಗುವಷ್ಟು ತಗ್ಗು ಜಾಗ.

"ನಿಂದೇನು ತಪ್ಪಿಲ್ಲ ಬಿಡಪ್ಪ ಕಂಪ್ಯೂಟ್ರು," ಎಂದರು. "ದೂರದಿಂದ ನೋಡಿದೋರಿಗೆ ಹೊರೋದು ಯಾವತ್ತೂ ಮುದ್ದಿನ ಥರಾನೇ ಕಾಣ್ಸುತ್ತೆ."

ಅಂದಿನಿಂದ ನಾನು ಅವರಿಗೆ ಕಂಪ್ಯೂಟ್ರು. ಕಚೇರಿಯಲ್ಲಿ ಇದ್ದದ್ದು ಒಂದೇ ಕಂಪ್ಯೂಟರು, ಅದರ ಮುಂದೆ ಕೂರುವವನು ನಾನೊಬ್ಬನೇ. ನಮ್ಮಿಬ್ಬರಲ್ಲಿ ಯಾರಿಗೆ ಹೆಸರಿಟ್ಟರು ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಶಾಲೆಗೆ ಮೂರು ಅಂತಸ್ತು. ನೆಲಮಟ್ಟದಲ್ಲಿ ಒಂದರಿಂದ ಮೂರನೇ ತರಗತಿ, ಕಚೇರಿ, ಮತ್ತೆ ಒಂದು ದೊಡ್ಡ ಪ್ರದರ್ಶನ ಕೊಠಡಿ. ಆಟದಲ್ಲಿ ಗೆದ್ದ ಕಪ್ಪುಗಳು, ಫಲಕಗಳು, ಮಕ್ಕಳು ಬಿಡಿಸಿದ ಚಿತ್ರಗಳೆಲ್ಲ ಗಾಜಿನ ಕಪಾಟಿನಲ್ಲಿ ಕುಳಿತು ಬಂದವರಿಗೆ ಮುಖ ತೋರಿಸುವ ಜಾಗ ಅದು. ನಾಲ್ಕನೇ ತರಗತಿಯಿಂದ ಮುಂದಿನದೆಲ್ಲ ಮೇಲೆ. ಮೇಲೆ ಎಂದರೆ ನಲವತ್ತಾರು ಮೆಟ್ಟಿಲು, ನಡುವೆ ಎರಡು ತಿರುವು. ಲಿಫ್ಟ್ ಇಲ್ಲ, ಗಾಲಿಕುರ್ಚಿ ಹೋಗುವ ಇಳಿಜಾರು ಇಲ್ಲ. ಬಚ್ಚಲುಮನೆ ಕೆಳಗೆ. ಹಾಗಾಗಿ ಹುಡುಗಿಯನ್ನು ದಿನಕ್ಕೆ ಎರಡು ಸಲ ಹತ್ತಿಸಬೇಕು, ಎರಡು ಸಲ ಇಳಿಸಬೇಕು.

ಹೊರುವುದಕ್ಕೆ ಆಯಮ್ಮನ ಬಳಿ ಅವರದೇ ಒಂದು ಕ್ರಮವಿತ್ತು. ಹಳೆಯ ಮಂಚದ ಹೊದಿಕೆಯೊಂದನ್ನು ನಾಲ್ಕು ಮಡಿಕೆ ಮಾಡಿ ಹುಡುಗಿಯ ತೊಡೆಯ ಕೆಳಗೆ ಹಾಯಿಸಿ, ತುದಿಗಳನ್ನು ತಮ್ಮ ಸೊಂಟದ ಮುಂದೆ ಬಿಗಿಯುತ್ತಿದ್ದರು. ಮೊದಲ ಹೆಜ್ಜೆ ಯಾವಾಗಲೂ ಬಲಗಾಲು. ಮೊದಲ ತಿರುವಿನ ಕಿಟಕಿಯ ಕಟ್ಟೆಯ ಮೇಲೆ ಹುಡುಗಿಯನ್ನು ಕೂರಿಸಿ ಇಪ್ಪತ್ತು ಉಸಿರು ಎಣಿಸುವುದು. ಎಣಿಸುವ ಕೆಲಸ ಹುಡುಗಿಯದು. ಬೇಕೆಂದೇ ನಿಧಾನವಾಗಿ ಎಣಿಸುತ್ತಿದ್ದಳು. ಹದಿನಾಲ್ಕಾದ ಮೇಲೆ ಮತ್ತೆ ಹನ್ನೆರಡಕ್ಕೆ ಬರುತ್ತಿದ್ದಳು.

"ಏಯ್, ನಾನು ಎರಡನೇ ಕ್ಲಾಸು ಓದಿರೋಳು ಕಣೇ. ಹದಿನಾಲ್ಕಾದ್ಮೇಲೆ ಹದಿನೈದು ಬರುತ್ತೆ ಅಂತ ಗೊತ್ತು ನಂಗೆ."

"ಹೊಸ ಪುಸ್ತಕದಲ್ಲಿ ಬದಲಾಯಿಸಿದಾರೆ ಆಯಮ್ಮ."

ಎರಡನೇ ತಿರುವು ದಾಟಿ ಮೂವತ್ತೊಂದನೇ ಮೆಟ್ಟಿಲ ಹತ್ತಿರ ಆಯಮ್ಮ ಒಂದು ಕ್ಷಣ ನಿಂತು, ಗೋಡೆಗೆ ಕೈ ಕೊಟ್ಟು, ಆಮೇಲೆ ಹೆಜ್ಜೆ ಇಡುತ್ತಿದ್ದರು. ಆ ಒಂದು ಮೆಟ್ಟಿಲು ಉಳಿದವುಗಳಿಗಿಂತ ಒಂದು ಬೆರಳು ಎತ್ತರ. ನಾನು ವರ್ಷವಿಡೀ ಅದರ ಮೇಲೆ ಎಡವುತ್ತಿದ್ದರೂ ತಪ್ಪು ನನ್ನ ಚಪ್ಪಲಿಯದೆಂದೇ ನಂಬಿದ್ದೆ. ಆಯಮ್ಮ ಹೇಳಿದ ಮೇಲೆ ಗೊತ್ತಾಯಿತು.

"ಮೇಸ್ತ್ರಿ ಅಳತೆ ತಪ್ಪಿದ. ಅವತ್ತೇ ಹೇಳ್ದೆ ನಾನು, ಇದು ಎತ್ತರ ಆಯ್ತು ಅಂತ. ಕಲ್ಲು ಹೊರೋಳು ಕಲ್ಲು ಹೊರು ಅಂದ."

ಹೌದು, ಆ ಮೆಟ್ಟಿಲುಗಳಿಗೆ ಕಲ್ಲು, ಮರಳು, ಗಾರೆ ಹೊತ್ತವರೂ ಅವರೇ. ಕಟ್ಟಡ ಏಳುವಾಗ ಕೂಲಿಗೆ ಬಂದವರು, ಕಟ್ಟಡ ಮುಗಿದ ಮೇಲೆ ಗುಡಿಸುವುದಕ್ಕೆ ಉಳಿದುಕೊಂಡರು. ಅದಕ್ಕೂ ಮೊದಲು ಹೊತ್ತದ್ದು ತಮ್ಮಂದಿರನ್ನು. ಎರಡನೇ ತರಗತಿಯಲ್ಲಿದ್ದಾಗ ಮನೆಯಲ್ಲಿ ಒಂದು ಕೂಸು ಹುಟ್ಟಿತು. ಅಮ್ಮ ಕೆಲಸಕ್ಕೆ ಹೋಗಬೇಕು, ಕೂಸನ್ನು ಎತ್ತಿಕೊಳ್ಳುವವರು ಬೇಕು. ಮೂರು ದಿನ ಕೂಸನ್ನು ಸೊಂಟದಲ್ಲಿ ಇಟ್ಟುಕೊಂಡೇ ಶಾಲೆಗೆ ಹೋದರಂತೆ. ಮೂರನೇ ದಿನ ಅದು ಮಾಸ್ತರರ ಪುಸ್ತಕದ ಮೇಲೆ ಉಚ್ಚೆ ಹೊಯ್ದಿತು. ಮಾಸ್ತರರು ಕೂಸಿಗೆ ಏನೂ ಹೇಳಲಿಲ್ಲ, ಅಕ್ಕನನ್ನು ಮನೆಗೆ ಕಳಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

"ಅದಕ್ಕೇ ನೋಡು, ಓದು ಅಂದ್ರೆ ಇವತ್ತಿಗೂ ನಂಗೆ ಉಚ್ಚೆ ವಾಸನೇನೇ ನೆನಪಾಗೋದು," ಎಂದು ಆಯಮ್ಮ ನಗುತ್ತಿದ್ದರು. ಅವರು ಅದನ್ನು ನಾಲ್ಕಾರು ಸಲ ಹೇಳಿದ್ದಾರೆ, ಪ್ರತಿ ಸಲವೂ ನಕ್ಕಿದ್ದಾರೆ. ಕೊನೆಕೊನೆಗೆ ನನಗೆ ನಗು ಬರುವುದು ನಿಂತಿತು.

ಅವರಿಗೆ ಗಂಡನಿದ್ದ, ಗೋಡೆಗೆ ಬಣ್ಣ ಹೊಡೆಯುವವನು. ಸಾರುವೆಯಿಂದ ಬಿದ್ದು ಸತ್ತು ಹತ್ತು ವರ್ಷ. ಒಬ್ಬಳು ಮಗಳು ಮದುವೆಯಾಗಿ ದೂರದಲ್ಲಿದ್ದಾಳೆ, ಫೋನು ಮಾಡುತ್ತಾಳೆ. ಅವರ ಬದುಕಿನ ಬಗ್ಗೆ ನನಗೆ ಗೊತ್ತಿದ್ದುದು ಇಷ್ಟೇ. ನನ್ನ ಬದುಕಿನ ಬಗ್ಗೆ ಅವರಿಗೆ ಇದಕ್ಕಿಂತ ಹೆಚ್ಚು ಗೊತ್ತಿತ್ತು, ಏಕೆಂದರೆ ಮಾತಾಡುವವನು ನಾನು, ಕೇಳಿಸಿಕೊಳ್ಳುವವರು ಅವರು.

ಪ್ರತಿ ವರ್ಷ ಶಾಲೆಯಲ್ಲಿ ಒಂದು ಸಮಾನತೆ ವಾರ ನಡೆಯುತ್ತಿತ್ತು. ಬೇರೆಬೇರೆ ಮಾತು, ಬೇರೆಬೇರೆ ಬಣ್ಣ, ಬೇರೆಬೇರೆ ಮನೆಯ ಮಕ್ಕಳೆಲ್ಲ ಒಂದೇ ಎಂದು ಹಾಡು, ಮೆರವಣಿಗೆ, ಭಿತ್ತಿಪತ್ರ. 'ಆಡುವ ಹಕ್ಕು', 'ಮಾತಾಡುವ ಹಕ್ಕು', 'ಕಲಿಯುವ ಹಕ್ಕು' ಎಂದು ಬರೆದ ಹಲಗೆಗಳನ್ನು ಮಕ್ಕಳು ಹಿಡಿದು ಅಂಗಳ ಸುತ್ತುತ್ತಿದ್ದರು. ಭಿತ್ತಿಪತ್ರ ಮಾಡುವುದು ನನ್ನ ಪಾಲು. ಮೊದಲ ವರ್ಷ ದೊಡ್ಡ ಮೇಡಂ, ಎಂದರೆ ನಮ್ಮ ಮುಖ್ಯೋಪಾಧ್ಯಾಯಿನಿ, ಬೆನ್ನ ಹಿಂದೆ ನಿಂತು ಹೇಳಿದರು: "ಆ ನಡೆಯೋಕಾಗದ ಹುಡುಗಿ ಫೋಟೋ ಮಧ್ಯದಲ್ಲಿ ಬರ್ಲಿ. ದೊಡ್ಡದಾಗಿ."

ಸಿಕ್ಕ ಫೋಟೋದಲ್ಲಿ ಹುಡುಗಿಯ ಹಿಂದೆ ಆಯಮ್ಮ ನಿಂತಿದ್ದರು. "ಆಯಮ್ಮನ್ನ ತೆಗಿ, ಪೊರಕೆ ಕಾಣ್ತಿದೆ," ಎಂದರು. ತೆಗೆದೆ. ಹುಡುಗಿಯ ಭುಜದ ಮೇಲೆ ಅವರ ಎರಡು ಬೆರಳು ಮಾತ್ರ ಉಳಿದವು. ಎಷ್ಟು ಒರೆಸಿದರೂ ಭುಜವೇ ಹರಿದುಹೋದಂತೆ ಕಾಣುತ್ತಿತ್ತು. ಹಾಗೇ ಬಿಟ್ಟೆ. ಮೇಲೆ ದಪ್ಪ ಅಕ್ಷರದಲ್ಲಿ 'ನಮ್ಮ ಶಾಲೆ ಎಲ್ಲರದು' ಎಂದು ಹಾಕಿದೆ. ಅಕ್ಷರಕ್ಕೆ ನೆರಳು ಬೇರೆ ಕೊಟ್ಟೆ. ಎಲ್ಲರೂ ಹೊಗಳಿದರು. ಉಬ್ಬಿದೆ.

ಅದೇ ವಾರ ಇಲಾಖೆಯ ನಮೂನೆ ಬಂತು. ಎಂಬತ್ತನಾಲ್ಕು ಪ್ರಶ್ನೆ, ಪ್ರತಿಯೊಂದಕ್ಕೂ ಎರಡು ಚೌಕ, 'ಇದೆ' ಮತ್ತು 'ಇಲ್ಲ'. ಕುಡಿಯುವ ನೀರು ಇದೆಯೇ, ಬೇಲಿ ಇದೆಯೇ, ಬೆಂಕಿ ಆರಿಸುವ ಸಿಲಿಂಡರ್ ಇದೆಯೇ. ಐವತ್ತೆರಡನೇ ಪ್ರಶ್ನೆ: ನಡೆಯಲಾಗದ ಮಕ್ಕಳು ಮೇಲಿನ ಮಹಡಿಗೆ ಹೋಗಲು ವ್ಯವಸ್ಥೆ ಇದೆಯೇ?

ನಾನು ಪೆನ್ನು ಎತ್ತಿ ದೊಡ್ಡ ಮೇಡಂ ಮುಖ ನೋಡಿದೆ.

"ಆಯಮ್ಮ ಇದ್ದಾಳಲ್ಲ? ಹುಡುಗಿ ದಿನಾ ಮೇಲೆ ಹೋಗ್ತಿದಾಳೆ ತಾನೇ? ಇದೆ ಅಂತ ಹಾಕು."

ಹಾಕಿದೆ. ಎಂಬತ್ತನಾಲ್ಕು ಪ್ರಶ್ನೆಯನ್ನು ಇಪ್ಪತ್ತು ನಿಮಿಷದಲ್ಲಿ ಮುಗಿಸಿದೆನೆಂದು ಮನೆಯಲ್ಲಿ ಹೇಳಿಕೊಂಡೆ. ಮುಂದಿನ ವರ್ಷ ಹದಿನೈದೇ ನಿಮಿಷ ಸಾಕಾಯಿತು. ಅದರ ಮುಂದಿನ ವರ್ಷ ನಮೂನೆ ಶಾಲೆ ತೆರೆದ ಹೊಸತರಲ್ಲೇ ಬಂತು, ಹಳೆಯದನ್ನೇ ನಕಲು ಮಾಡಿ ತಾರೀಕು ಬದಲಾಯಿಸಿದೆ. ಮೂರು ವರ್ಷ, ಮೂರು 'ಇದೆ'.

ಹುಡುಗಿ ಐದನೇ ತರಗತಿಯಲ್ಲಿದ್ದಾಗ ಒಬ್ಬರು ಹೊಸ ಟೀಚರ್ ಬಂದರು. ಸಮಾಜ ಪಾಠ ಹೇಳುತ್ತಿದ್ದರು. ಮಕ್ಕಳು ಅವರನ್ನು ಹಕ್ಕಿನ ಟೀಚರ್ ಎಂದೇ ಕರೆಯುತ್ತಿದ್ದರು. ಉಳಿದವರಿಗೆ ಸಮಾನತೆ ಒಂದು ವಾರ, ಅವರಿಗೆ ವರ್ಷಪೂರ್ತಿ. ಒಂದು ದಿನ ಅವರು ತರಗತಿಯಲ್ಲಿ ಹೇಳಿದರಂತೆ: ಯಾರಾದರೂ ದಯೆಯಿಂದ ಕೊಟ್ಟದ್ದಕ್ಕೆ ಥ್ಯಾಂಕ್ಸ್ ಹೇಳಬೇಕು, ಹಕ್ಕಿನಿಂದ ಬಂದದ್ದಕ್ಕೆ ಹೇಳಬೇಕಾಗಿಲ್ಲ.

ಹುಡುಗಿಗೆ ಮೊದಲ ದಿನದಿಂದಲೂ ಒಂದು ರೂಢಿ. ನಲವತ್ತಾರನೇ ಮೆಟ್ಟಿಲ ಮೇಲೆ ಅವಳನ್ನು ಇಳಿಸಿ, ಕಚೇರಿಯವರು ಬೇಡವೆಂದು ಬಿಟ್ಟ ಹಳೆಯ ಚಕ್ರದ ಕುರ್ಚಿಯಲ್ಲಿ ಕೂರಿಸಿದ ಕೂಡಲೇ "ಥ್ಯಾಂಕ್ಸ್ ಆಯಮ್ಮ" ಎನ್ನುತ್ತಿದ್ದಳು. ಮರುದಿನ ಬೆಳಿಗ್ಗೆ ಕುರ್ಚಿಯಲ್ಲಿ ಕುಳಿತವಳು ಸುಮ್ಮನಿದ್ದಳು. ನಾನು ಹಾಜರಿ ಪುಸ್ತಕ ಹಂಚುತ್ತ ಅಲ್ಲೇ ಇದ್ದೆ.

"ಯಾಕೆ, ನಾಲಿಗೆ ಮನೇಲಿಟ್ಟು ಬಂದ್ಯಾ?" ಎಂದರು ಆಯಮ್ಮ.

"ನಾನು ಮೇಲೆ ಬರೋದು ನನ್ನ ಹಕ್ಕು ಆಯಮ್ಮ. ಹಕ್ಕಿಗೆ ಥ್ಯಾಂಕ್ಸ್ ಹೇಳ್ಬಾರ್ದಂತೆ. ಟೀಚರ್ ಹೇಳಿದ್ರು."

ಆಯಮ್ಮ ಸೊಂಟದ ಗಂಟು ಬಿಚ್ಚಿ ಹೊದಿಕೆ ಮಡಿಸಿದರು. "ಹಂಗಾ. ನಿನ್ನ ಹಕ್ಕಿನ ತೂಕ ಎಷ್ಟು ಗೊತ್ತಾ? ಇಪ್ಪತ್ತೇಳು ಕಿಲೋ. ಚೀಲ ಬೇರೆ."

ಹುಡುಗಿ ಬಿದ್ದು ಬಿದ್ದು ನಕ್ಕಳು. ಆಯಮ್ಮ ನಗುತ್ತಲೇ ಕೆಳಗಿಳಿದರು. ಆದರೆ ಆ ಸಂಜೆ ಗೂಡಿನಲ್ಲಿ ನನ್ನನ್ನು ಕೇಳಿದರು: "ಅಲ್ಲಪ್ಪ, ಅವಳು ಹೇಳಿದ್ದು ಸರೀನೇ. ಹಕ್ಕು ಅವಳದ್ದು. ಕೊಡಬೇಕಾದೋರು ಯಾರು? ನಾನಾ?"

ನಾನು ಏನೋ ಒಂದು ತಮಾಷೆ ಮಾಡಿದೆ. ಏನೆಂದು ನೆನಪಿಲ್ಲ. ಮಾತು ತಪ್ಪಿಸಲು ಮಾಡಿದ ತಮಾಷೆಗಳು ಯಾರಿಗೂ ನೆನಪಿರುವುದಿಲ್ಲ.

ಹುಡುಗಿ ಥ್ಯಾಂಕ್ಸ್ ಹೇಳುವುದು ಬಿಟ್ಟಳು, ಇನ್ನೊಂದು ಶುರು ಮಾಡಿದಳು. ನೀರು ಕುಡಿಯುವುದು ನಿಲ್ಲಿಸಿದಳು. ಬೆಳಿಗ್ಗೆ ತುಂಬಿ ತಂದ ಬಾಟಲಿ ಸಂಜೆ ಹಾಗೇ ತುಂಬಿರುತ್ತಿತ್ತು. ನೀರು ಕುಡಿದರೆ ಮಧ್ಯಾಹ್ನ ಬಚ್ಚಲಿಗೆ ಇಳಿಯಬೇಕು, ಇಳಿದರೆ ಮತ್ತೆ ಹತ್ತಬೇಕು. ಆಯಮ್ಮನಿಗೆ ಇದು ಗೊತ್ತಾಗಲು ಒಂದು ತಿಂಗಳು ಹಿಡಿಯಿತು. ಗೊತ್ತಾದ ದಿನ ಮೆಟ್ಟಿಲ ಮೇಲೆಯೇ ಬಾಟಲಿ ಅವಳ ಬಾಯಿಗೆ ಹಿಡಿದರು.

"ಕುಡಿ. ನನ್ನ ಬೆನ್ನಿನ ಲೆಕ್ಕ ನಾನು ನೋಡ್ಕೋತೀನಿ. ನೀನು ನಿನ್ನ ಹೊಟ್ಟೇದು ನೋಡ್ಕೋ."

"ಇಪ್ಪತ್ತೇಳು ಕಿಲೋ ಆಯಮ್ಮ. ನೀರು ಕುಡಿದ್ರೆ ಇಪ್ಪತ್ತೇಳೂವರೆ."

"ಕುಡಿ ಅಂದೆ."

ಆ ವರ್ಷದ ಸಮಾನತೆ ವಾರದಲ್ಲಿ ವೇದಿಕೆಯ ಮೇಲೆ ಮಾತಾಡಲು ಅವಳನ್ನೇ ಆರಿಸಿದರು. ಅವಳಿಗೆ ಬರೆದು ಕೊಟ್ಟದ್ದನ್ನು ನಾನೇ ಟೈಪು ಮಾಡಿದ್ದೆ, ನಾಲ್ಕು ಸಾಲು. ಅವಳು ನಾಲ್ಕನ್ನೂ ತಪ್ಪಿಲ್ಲದೆ ಹೇಳಿದಳು. ಆಮೇಲೆ ಮೈಕು ಹಿಡಿದುಕೊಂಡೇ ಐದನೆಯದನ್ನು ಸೇರಿಸಿದಳು: "ನಾನು ಮೇಲೆ ಹೋಗೋ ಬದಲು ನನ್ನ ಕ್ಲಾಸು ಕೆಳಗೆ ಬರ್ಲಿ. ಆಯಮ್ಮನಿಗೆ ಮಂಡಿ ನೋವು."

ಆಮೇಲೆ ಚಪ್ಪಾಳೆ. ಎಂಥ ಚಪ್ಪಾಳೆ! ಬಂದ ಅತಿಥಿಗಳು ಎದ್ದು ನಿಂತರು. ಒಬ್ಬರು ಕಣ್ಣು ಒರೆಸಿಕೊಂಡರು. ದೊಡ್ಡ ಮೇಡಂ ಹುಡುಗಿಯ ಗಲ್ಲ ಹಿಡಿದು, "ಎಷ್ಟು ಮುದ್ದಾಗಿ ಮಾತಾಡ್ತೀಯೇ," ಎಂದರು. ನಾನೂ ಕೈ ನೋಯುವಷ್ಟು ತಟ್ಟಿದೆ. ಮರುದಿನ ಬೆಳಿಗ್ಗೆ ಆಯಮ್ಮ ಹೊದಿಕೆ ಬಿಗಿದು, ಬಲಗಾಲು ಮೊದಲ ಮೆಟ್ಟಿಲ ಮೇಲಿಟ್ಟರು. ತರಗತಿ ಎಲ್ಲಿತ್ತೋ ಅಲ್ಲೇ ಇತ್ತು.

ಆರನೇ ತರಗತಿಯ ಅರ್ಧ ವರ್ಷ ಕಳೆದಿತ್ತು. ಹುಡುಗಿ ಮೂವತ್ತೊಂದು ಕಿಲೋ. ಮತ್ತೆ ಸಮಾನತೆ ವಾರ, ಮತ್ತೆ ನಾನು ಬಟ್ಟೆಯ ಬ್ಯಾನರು ಹೆಗಲಿಗೆ ಹಾಕಿಕೊಂಡು ಮೇಲೆ ಕಟ್ಟಲು ಹೊರಟಿದ್ದೆ. ಎರಡನೇ ಪೀರಿಯಡ್ಡು ನಡೆಯುತ್ತಿತ್ತು. ಎರಡನೇ ತಿರುವು ದಾಟಿದರೆ ಇಬ್ಬರೂ ಮೆಟ್ಟಿಲ ಮೇಲೆ ಕುಳಿತಿದ್ದರು. ಹುಡುಗಿ ಆಯಮ್ಮನ ಬೆನ್ನಿಗೇ ಅಂಟಿಕೊಂಡು, ಗೋಡೆಗೆ ಒರಗಿ, ನದಿಗಳು ಎಲ್ಲಿ ಹುಟ್ಟುತ್ತವೆ ಎಂದು ಮೆಲ್ಲಗೆ ಪಾಠ ಒಪ್ಪಿಸುತ್ತಿದ್ದಳು.

"ಏನಿದು, ಇಬ್ರೂ ಪಿಕ್ನಿಕ್ ಬಂದಿದೀರಾ?" ಎಂದೆ.

ಹುಡುಗಿ ತುಟಿಯ ಮೇಲೆ ಬೆರಳಿಟ್ಟಳು. ಆಗ ಆಯಮ್ಮನ ಮುಖ ನೋಡಿದೆ. ಬೂದಿ ಬಣ್ಣ. ಹಣೆಯಿಂದ ಬೆವರು ಮೂಗಿನ ಮೇಲೆ ಇಳಿದು ತೊಟ್ಟಿಕ್ಕುತ್ತಿತ್ತು. ಒರೆಸಿಕೊಳ್ಳಲು ಕೈ ಎತ್ತಲಾಗುತ್ತಿರಲಿಲ್ಲ.

ಮೂವತ್ತೊಂದನೇ ಮೆಟ್ಟಿಲಿಗೆ ಕಾಲು ಎತ್ತುವಾಗ ಬೆನ್ನಿನಲ್ಲಿ ಏನೋ ಕಳಚಿದಂತಾಯಿತಂತೆ. ಹಿಂದಕ್ಕೆ ಬಿದ್ದರೆ ಹುಡುಗಿ ಕೆಳಗೆ. ಹಾಗಾಗಿ ಗೋಡೆ ಹಿಡಿದು, ಮಂಡಿ ಮಡಿಸಿ, ಒಂದೊಂದೇ ಬೆರಳಷ್ಟು ಕೆಳಗಿಳಿದು ಕುಳಿತಿದ್ದರು. ಆಮೇಲೆ ಏಳಲಾಗಲಿಲ್ಲ. ಹುಡುಗಿ ಕೂಗುತ್ತೇನೆ ಎಂದಳಂತೆ. ಆಯಮ್ಮ ಬಿಡಲಿಲ್ಲ. ಒಂದೂವರೆ ಪೀರಿಯಡ್ಡು ಹಾಗೇ ಕುಳಿತಿದ್ದರು.

"ಯಾಕೆ ಕೂಗ್ಲಿಲ್ಲ ಆಯಮ್ಮ?"

"ಸ್ವಲ್ಪ ಹೊತ್ತು ಕೂತ್ರೆ ಸರಿ ಹೋಗುತ್ತೆ ಅಂದ್ಕೊಂಡೆ," ಎಂದರು. ಹಲ್ಲು ಕಚ್ಚಿಕೊಂಡು ಮತ್ತೆ ಹೇಳಿದರು: "ಯಾರಿಗೂ ಹೇಳ್ಬೇಡ. ಇನ್ನೊಂದು ಹತ್ತು ನಿಮಿಷ ಕೊಡು."

ಹತ್ತು ನಿಮಿಷ ಕೊಟ್ಟೆ. ಮೂವರೂ ಕುಳಿತೆವು. ಹುಡುಗಿ ನದಿಗಳನ್ನು ಮುಗಿಸಿ ಬೆಟ್ಟಗಳಿಗೆ ಬಂದಳು. ಸರಿ ಹೋಗಲಿಲ್ಲ.

ಇನ್ನು ಮುಂದೆ ಒಂದು ಕೊಡ ನೀರನ್ನೂ ಎತ್ತಬಾರದು ಎಂದರು ವೈದ್ಯರು. ಬೇರೆ ಯಾರೂ ಹುಡುಗಿಯನ್ನು ಹೊರಬಾರದು ಎಂದು ದೊಡ್ಡ ಮೇಡಂ ಆಜ್ಞೆ ಮಾಡಿದರು: "ಅವತ್ತೇ ಬಿದ್ದಿದ್ರೆ ಯಾರು ಹೊಣೆ?" ನಾನು ಹೊರುತ್ತೇನೆ ಎನ್ನೋಣವೆಂದು ಬಾಯಿ ತೆರೆದೆ. ಅವರು ನನ್ನ ಕಡೆ ನೋಡಿದರು. ತೆರೆದ ಬಾಯಿಯಲ್ಲಿ ಆಕಳಿಸಿ ಮುಚ್ಚಿಕೊಂಡೆ.

ಹುಡುಗಿಯ ತಾಯಿ ಅಂಗಿಯ ಗುಂಡಿ ಮಾಡುವ ಕಾರ್ಖಾನೆಯಲ್ಲಿ ಕೆಲಸ ಮಾಡುವವರು. ಬೆರಳ ತುದಿಗಳೆಲ್ಲ ಬಣ್ಣ. ಅರ್ಧ ದಿನ ರಜೆ ಹಾಕಿ ಬಂದು ದೊಡ್ಡ ಮೇಡಂ ಮುಂದೆ ನಿಂತರು. ಕೂರಲು ಹೇಳಿದರೂ ಕೂರಲಿಲ್ಲ.

"ಕ್ಲಾಸನ್ನೇ ಕೆಳಗೆ ತನ್ನಿ ಮೇಡಂ. ಆ ಪ್ರದರ್ಶನದ ರೂಮು ಖಾಲಿ ಇರುತ್ತಲ್ಲ."

"ಖಾಲಿ ಎಲ್ಲಿದೆಯಮ್ಮ, ತುಂಬ ಕಪ್ಪು ಇದಾವೆ."

"ಕಪ್ಪು ಮೇಲೆ ಹೋಗ್ಲಿ. ಅವಕ್ಕೂ ಕಾಲಿಲ್ಲ, ನಾನೇ ಹೊತ್ತು ಹಾಕ್ತೀನಿ."

ದೊಡ್ಡ ಮೇಡಂ ಕೆಟ್ಟವರೇನಲ್ಲ. ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ನೋಡಿ, ಪಾಠದ ಪರದೆ, ವೈರು ಎಲ್ಲ ಮೇಲಿನ ಗೋಡೆಗೆ ಕೂರಿಸಿದೆ. ಒಬ್ಬಳಿಗೋಸ್ಕರ ನಲವತ್ತೆರಡು ಮಕ್ಕಳಿಗೆ ತೊಂದರೆ ಕೊಡೋದು ಹೇಗೆ? ಸಮಾನತೆ ಅಂದ್ರೆ ಎಲ್ಲರನ್ನೂ ಒಂದೇ ಥರ ನೋಡೋದಲ್ವಾ?"

ತಾಯಿ ಗೋಡೆಯ ಮೇಲಿದ್ದ ಭಿತ್ತಿಪತ್ರ ನೋಡಿದರು. ಮಧ್ಯದಲ್ಲಿ ಅವರ ಮಗಳು ದೊಡ್ಡದಾಗಿ ನಗುತ್ತಿದ್ದಳು. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಹುಡುಗಿ ಹನ್ನೊಂದು ದಿನ ನನ್ನ ಕಚೇರಿಯ ಹೊರಗಿನ ಮೊಗಸಾಲೆಯಲ್ಲಿ ಕುಳಿತಳು. ಗೆಳತಿಯರು ಬಿಡುವಿನಲ್ಲಿ ನೋಟುಪುಸ್ತಕ ತಂದು ಕೊಡುತ್ತಿದ್ದರು. ಶುಕ್ರವಾರ ಹಕ್ಕಿನ ಟೀಚರ್ ಇಡೀ ತರಗತಿಯನ್ನೇ ಕೆಳಗೆ ಕರೆತಂದು, ಮೊಗಸಾಲೆಯ ನೆಲದ ಮೇಲೆ ಕೂರಿಸಿ ಪಾಠ ಮಾಡಿದರು. ಆ ದಿನ ಹುಡುಗಿ ನೀರಿನ ಬಾಟಲಿ ಪೂರ್ತಿ ಕುಡಿದಳು. ಗದ್ದಲವಾಯಿತೆಂದು ಒಂದನೇ ತರಗತಿಯವರು ದೂರು ಕೊಟ್ಟರು. ಮುಂದಿನ ಶುಕ್ರವಾರ ಅದು ನಡೆಯಲಿಲ್ಲ.

ತಾಯಿ ಇಲಾಖೆಗೆ ಅರ್ಜಿ ಬರೆದಿದ್ದರು. ಉತ್ತರದ ಒಂದು ಪ್ರತಿ ಶಾಲೆಗೂ ಬಂತು. ಟಪಾಲು ಒಡೆಯುವವನು ನಾನು. 'ಸದರಿ ಶಾಲೆಯಲ್ಲಿ ಕಳೆದ ಮೂರು ವರ್ಷಗಳಿಂದ ಅಗತ್ಯ ವ್ಯವಸ್ಥೆ ಇರುವುದು ದಾಖಲೆಯಿಂದ ಕಂಡುಬಂದಿರುವುದರಿಂದ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ.' ಜೊತೆಗೆ ನನ್ನ ಮೂರು ನಮೂನೆಗಳ ನಕಲು. ಐವತ್ತೆರಡನೇ ಪ್ರಶ್ನೆಯ ಸುತ್ತ ಯಾರೋ ಕೆಂಪು ಶಾಯಿಯಲ್ಲಿ ಗುಂಡಗೆ ಗೆರೆ ಎಳೆದಿದ್ದರು. ಟಿಕ್ಕುಗಳು ಅಂದವಾಗಿದ್ದವು. ನನ್ನ ಕೈಬರಹ ಮೊದಲಿನಿಂದಲೂ ಚೆನ್ನ.

ಕಾಗದ ಹಿಡಿದು ದೊಡ್ಡ ಮೇಡಂ ಬಳಿ ಹೋದೆ. "ಇದನ್ನ ತಿದ್ದಿ ಕಳಿಸೋಣ ಮೇಡಂ. ತಪ್ಪಾಗಿದೆ ಅಂತ."

"ತುಂಬಿದ್ದು ಯಾರು?"

"ನಾನೇ."

"ಹಾಗಿದ್ರೆ ತಪ್ಪು ನಿಂದು ಅಂತ ಬರೆದು ಸಹಿ ಹಾಕಿ ಕೊಡು. ಕಳಿಸ್ತೀನಿ."

ಬರೆಯುತ್ತೇನೆ ಎಂದು ಹೇಳಿ ಬಂದೆ. ಎರಡು ದಿನ ಬರೆದೆ, ಹರಿದೆ. ಮನೆಯಲ್ಲಿ ಅಪ್ಪನ ಔಷಧಿ, ತಂಗಿಯ ಓದು ಎಂದು ನನಗೆ ನಾನೇ ಕಾರಣ ಹೇಳಿಕೊಂಡೆ. ಕಾರಣಗಳೆಲ್ಲ ನಿಜವೇ ಆಗಿದ್ದವು. ಹನ್ನೆರಡನೇ ದಿನ ಹುಡುಗಿ ಬರಲಿಲ್ಲ. ಮೊಗಸಾಲೆಯ ಬೆಂಚು ಖಾಲಿ.

ತಿಂಗಳು ಕಳೆದ ಮೇಲೆ ದಾಖಲೆ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ 'ಶಾಲೆ ಬಿಡಲು ಕಾರಣ' ಎಂಬ ಜಾಗ ತುಂಬಬೇಕಾಯಿತು. ದೊಡ್ಡ ಮೇಡಂ ಹೇಳಿದರು, ನಾನು ಬರೆದೆ: ಪೋಷಕರ ಇಚ್ಛೆಯ ಮೇರೆಗೆ. ಅದೇ ಕೈಬರಹ.

ಆಯಮ್ಮನನ್ನೂ ಬಿಡಿಸಿದರು. ಗುಡಿಸುವುದಕ್ಕೆ ಗುತ್ತಿಗೆಯವರಿದ್ದರು, ಹೊರುವುದಕ್ಕೆ ಹುಡುಗಿ ಇರಲಿಲ್ಲ. ಗೂಡಿನಿಂದ ಅವರ ಸ್ಟೂಲನ್ನೂ ಎಣ್ಣೆಯ ಶೀಶೆಯನ್ನೂ ನಾನೇ ಅವರ ಮನೆಗೆ ತಲುಪಿಸಿದೆ. ಹೊದಿಕೆಯನ್ನು ಮಾತ್ರ ಅವರು ಮೊದಲೇ ತೆಗೆದುಕೊಂಡು ಹೋಗಿದ್ದರು.

ಈ ವರ್ಷ ನಮೂನೆ ಬಂದಾಗ ಐವತ್ತೆರಡನೇ ಪ್ರಶ್ನೆಗೆ 'ಇಲ್ಲ' ಎಂದು ಹಾಕಿದೆ. ದೊಡ್ಡ ಮೇಡಂ ನೋಡಿದರು, ಸಹಿ ಹಾಕಿದರು. ನನಗೆ ಎದೆ ಸ್ವಲ್ಪ ಅಗಲವಾಯಿತು. ಆಮೇಲೆ ಐವತ್ತಮೂರನೇ ಪ್ರಶ್ನೆ ನೋಡಿದೆ: ಸದ್ಯ ಶಾಲೆಯಲ್ಲಿ ಅಂಥ ಮಕ್ಕಳು ಎಷ್ಟು? ಸೊನ್ನೆ ಎಂದು ಬರೆಯಬೇಕಾಯಿತು. ಸೊನ್ನೆ ಎಂದಮೇಲೆ ಯಾರು ಇಳಿಜಾರು ಕಟ್ಟಿಸುತ್ತಾರೆ? ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಶೂರ ನಾನು.

ಕಳೆದ ಭಾನುವಾರ ಆಯಮ್ಮನ ಮನೆಗೆ ಹೋಗಿದ್ದೆ. ಒಂದೇ ಕೋಣೆ, ಒಂದು ಮಂಚ, ಒಂದು ಒಲೆ. ಕಿಟಕಿಯ ಹೊರಗೆ ಪಕ್ಕದ ಮನೆಯ ಗೋಡೆ. ಆಯಮ್ಮ ಪಕ್ಕಕ್ಕೆ ತಿರುಗಿ ಮಲಗಿದ್ದರು. ನೆಟ್ಟಗೆ ಮಲಗಲು ಆಗುವುದಿಲ್ಲ. ಮಂಚದ ಪಕ್ಕದ ಗೋಡೆಗೆ ನಾನು ಮಾಡಿದ ಭಿತ್ತಿಪತ್ರ ಅಂಟಿಸಿದ್ದರು, ಮಧ್ಯಕ್ಕೆ ಮಡಿಕೆಯ ಗೆರೆ ಬಿದ್ದದ್ದು. ನಾನು ಅದನ್ನು ನೋಡುತ್ತಿರುವುದು ಕಂಡು ಹುಡುಗಿಯ ಭುಜದ ಕಡೆ ಕೈ ತೋರಿಸಿದರು.

"ನೋಡು, ನಾನೂ ಇದೀನಿ. ಎರಡು ಬೆರಳು."

ಕ್ಷಮೆ ಕೇಳೋಣವೆಂದು ಬಾಯಿ ತೆರೆದೆ. ಅವರು ಬೇರೆ ಮಾತು ತೆಗೆದರು. ಹುಡುಗಿ ಈಗ ತಾಯಿಯ ಜೊತೆ ಮನೆಯಲ್ಲಿ ಕುಳಿತು ಗುಂಡಿಗಳನ್ನು ರಟ್ಟಿಗೆ ಹೊಲಿಯುತ್ತಾಳೆ, ಒಂದು ರಟ್ಟಿಗೆ ಹನ್ನೆರಡು. ತಾಯಿಗಿಂತ ಅವಳ ಕೈ ಚುರುಕು. ತಾಯಿ ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ತಿಂಗಳಿಗೊಮ್ಮೆ ಇಲ್ಲಿಗೆ ಕರೆತರುತ್ತಾರೆ. ಬಂದಾಗ ಮಂಚದ ತುದಿಯಲ್ಲಿ ಕುಳಿತು ಬೆಟ್ಟಗಳವರೆಗೆ ಪಾಠ ಒಪ್ಪಿಸುತ್ತಾಳೆ. ಮುಂದಿನದು ಅವಳಿಗೆ ಗೊತ್ತಿಲ್ಲ. ಅಲ್ಲಿಗೇ ನಿಂತಿತಲ್ಲ.

"ನೀರು ಕುಡೀತಾಳಾ?" ಎಂದು ಕೇಳಿದೆ.

"ಕುಡೀತಾಳೆ. ಈಗೇನು ಕಷ್ಟ."

ಒಲೆಯ ಮೇಲೆ ನೀರು ಕಾಯುತ್ತಿತ್ತು. ಅವರ ಬೆನ್ನಿಗೆ ಇಡುವ ರಬ್ಬರು ಚೀಲಕ್ಕೆ ಅದನ್ನು ತುಂಬಿ, ಮುಚ್ಚಳ ತಿರುಗಿಸುತ್ತಿದ್ದಾಗ, ಎರಡು ವರ್ಷದ ಕೆಳಗೆ ಅವರೇ ಗೂಡಿನಲ್ಲಿ ಕೇಳಿದ್ದ 'ಕೊಡಬೇಕಾದೋರು ಯಾರು?' ಎಂಬ ಪ್ರಶ್ನೆ ನೆನಪಾಯಿತು. ಅಂದು ತಮಾಷೆ ಮಾಡಿ ತಪ್ಪಿಸಿಕೊಂಡಿದ್ದೆ. ಈಗ ಅದರ ಬೆನ್ನಿಗೇ ಇನ್ನೊಂದು ನನ್ನ ಬಾಯಿಂದ ಬಂತು, ಕೇಳಬಾರದೆಂದು ಗೊತ್ತಿದ್ದೂ.

"ಆಯಮ್ಮ, ನಾಲ್ಕನೇ ಕ್ಲಾಸಿನ ಮೊದಲನೇ ದಿನಾನೇ ನೀವು 'ನನ್ನ ಕೈಲಾಗಲ್ಲ' ಅಂದುಬಿಟ್ಟಿದ್ರೆ, ಅವರು ಕ್ಲಾಸನ್ನೇ ಕೆಳಗೆ ತರ್ತಿದ್ರು, ಅಲ್ವಾ?"

ಆಯಮ್ಮ ಭಿತ್ತಿಪತ್ರದಿಂದ ಕಣ್ಣು ತೆಗೆಯಲಿಲ್ಲ.

"ತರ್ತಿದ್ರು. ಆಗಿನ್ನೂ ಮೇಲೆ ಪರದೆ, ವೈರು ಏನೂ ಕೂರಿಸಿರ್ಲಿಲ್ಲ. ಅವತ್ತೇ ಗೊತ್ತಿತ್ತು ನಂಗೆ. ಅದೇ ತಿಂಗಳು ಗುಡಿಸೋ ಕೆಲಸ ಗುತ್ತಿಗೆಗೆ ಕೊಟ್ಟು ಆಯಗಳನ್ನೆಲ್ಲ ಮನೆಗೆ ಕಳ್ಸಿದ್ರು. ಇವಳನ್ನ ಹೊರ್ತೀನಿ ಅಂದಿದ್ದಕ್ಕೆ ನನ್ನೊಬ್ಬಳನ್ನ ಇಟ್ಕೊಂಡ್ರು. ನಂಗೆ ಕೆಲಸ ಬೇಕಿತ್ತು ಕಣಪ್ಪ, ನಿನ್ನ ಥರಾನೇ. ಆ ಚೀಲ ಇತ್ತ ಕೊಡು, ಆರೋಗುತ್ತೆ."